ಶವರಿನ ಕೆಳಗೊಂದು ಗೇಣು ಜಾಗ

ಒಂದು ಗೇಣು ನೆಲ. ಅದಕ್ಕಿಂತ ಸ್ವಲ್ಪ ಕಮ್ಮಿಯೇ ಅನ್ನಿ. ಅಷ್ಟು ಜಾಗಕ್ಕೆ ಸಿಮೆಂಟು ಮೆತ್ತೋದು ಯಾವ ಮಹಾ ವಿದ್ಯೆ? ಚಪಾತಿ ಹಿಟ್ಟು ಕಲಸೋಕೆ ಬರುವವರಿಗೆಲ್ಲ ಸಿಮೆಂಟು ಕಲಸೋಕೂ ಬರುತ್ತೆ ಅಂತ ನಾನು ಧೈರ್ಯವಾಗಿ ಹೇಳಿದೆ. ನನಗೆ ಚಪಾತಿ ಹಿಟ್ಟು ಕಲಸೋಕೂ ಬರೋದಿಲ್ಲ ಅನ್ನೋದು ಆ ಹೊತ್ತಿನಲ್ಲಿ ಯಾಕೋ ನೆನಪಾಗಲಿಲ್ಲ!

ನಾನು ಶ್ರೀಕಂಠಯ್ಯ. ತುಮಕೂರು ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ಇದು ಗಜ ಹೋಗಿ ಮೀಟರ್ ಬಂದ ಹೊಸತರಲ್ಲಿ ನಡೆದ ಕಥೆ. ಅಂಗಡಿಯಲ್ಲಿ ಹಳೇ ಗಜದ ಕಡ್ಡಿ ಪೆನ್ಶನ್ ತಗೊಂಡವರ ಹಾಗೆ ಮೂಲೆಗೆ ಒರಗಿಕೊಂಡಿತ್ತು. ಹೊಸ ಮೀಟರ್ ಕಡ್ಡಿ ನನ್ನ ಕೈಯಲ್ಲಿತ್ತು. ಬಂದ ಹೆಂಗಸರಿಗೆಲ್ಲ "ಅಮ್ಮಾ, ಮೀಟರು ಗಜಕ್ಕಿಂತ ನಾಲ್ಕು ಬೆರಳು ಉದ್ದ ಕಣಮ್ಮ, ಅದಕ್ಕೇ ರೇಟೂ ಜಾಸ್ತಿ" ಅಂತ ದಿನವೆಲ್ಲ ಪಾಠ ಹೇಳುತ್ತಿದ್ದೆ. ಈ ವಿಷಯದಲ್ಲಿ ಇಡೀ ಪೇಟೆಗೆ ನಾನೇ ಮೇಷ್ಟ್ರು. ಇದನ್ನು ಜ್ಞಾಪಕದಲ್ಲಿಟ್ಟುಕೊಳ್ಳಿ, ಆಮೇಲೆ ನಗೋಕೆ ಅನುಕೂಲವಾಗುತ್ತೆ.

ಆ ವರ್ಷ ವೈಶಾಖದಲ್ಲಿ ಮಗಳು ಪದ್ಮಳನ್ನು ಗುಬ್ಬಿಗೆ ಕೊಟ್ಟೆವು. ಅಳಿಯ ರಂಗನಾಥ ರಸ್ತೆ, ಮೋರಿ ಕಟ್ಟಿಸುವ ಓವರ್ಸಿಯರ್. ಒಳ್ಳೆಯ ಹುಡುಗ, ಮಾತು ಕಮ್ಮಿ. ಅವನ ತಂದೆ, ಅಂದರೆ ನಮ್ಮ ಬೀಗರು ತಿಮ್ಮಪ್ಪಯ್ಯನವರು, ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟವರು. ನಗು ಅನ್ನೋದನ್ನು ಮಂಡಿಯ ಒಳಗೇ ಇಟ್ಟು ಬೀಗ ಹಾಕಿಕೊಂಡು ಬರೋರು. ಮದುವೆ ಊಟದ ಪಂಕ್ತಿಯಲ್ಲಿ ಅವರ ಪಕ್ಕ ಕೂತವನು ಸುಮ್ಮನೆ ಹೋಳಿಗೆ ತಿನ್ನಬಾರದಿತ್ತೆ? ತಿನ್ನಲಿಲ್ಲ. ಜೋರಾಗಿ ಹೇಳಿಬಿಟ್ಟೆ:

"ಬೀಗರೇ, ದೀಪಾವಳಿಗೆ ಅಳಿಯಂದಿರನ್ನ ಕಳಿಸ್ಕೊಡಿ. ನಮ್ಮನೇಲಿ ಶವರ್ ಸ್ನಾನ!"

ನಮ್ಮ ಮನೆಯಲ್ಲಿ ಆಗ ಶವರ್ ಇರಲಿಲ್ಲ. ಬೆಂಗಳೂರಿನಲ್ಲಿ ನನ್ನ ಷಡ್ಡಕನ ಮನೆಯಲ್ಲಿ ಒಂದು ಸಲ ಅದರ ಕೆಳಗೆ ನಿಂತಿದ್ದೆ, ಅಷ್ಟೇ.

ಬೀಗರು ಅನ್ನ ಕಲಸುವುದನ್ನು ನಿಲ್ಲಿಸಿದರು. "ಸ್ನಾನ ಅಂದ್ರೆ ಹಂಡೆ, ತಂಬಿಗೆ. ನಿಂತ್ಕೊಂಡು ನೆನೆಯೋದು ದನ ಮಳೇಲಿ ನೆನೆದಂಗೆ" ಅಂದರು. ಇಡೀ ಪಂಕ್ತಿ ನಕ್ಕಿತು. ಬಡಿಸುವವರೂ ನಕ್ಕರು. ಎದುರಿಗೆ ಕೂತಿದ್ದ ಮದುಮಗಳು ಪದ್ಮ ಮಾತ್ರ ತಲೆ ಎತ್ತಲಿಲ್ಲ.

ಗೌರಿ ಹಬ್ಬಕ್ಕೆ ಬಂದಾಗ ಅವಳೇ ಹೇಳಿದಳು. ಗುಬ್ಬಿಯಲ್ಲಿ ಒಂದು ಹನಿ ಮಳೆ ಬಿದ್ದರೂ ಅವಳ ಅತ್ತೆ "ಪದ್ಮಾ, ನಿಮ್ಮಪ್ಪನ ಶವರ್ ಬಂತು, ಬಟ್ಟೆ ಒಳಗೆ ತಗೊಳಮ್ಮಾ" ಅಂತಾರಂತೆ. ಮನೆಯವರೆಲ್ಲ ಗೊಳ್ ಅಂತಾರಂತೆ. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು. "ಅಪ್ಪಾ, ನನಗೆ ಸೀರೆ ಬೇಡ, ಒಡವೆ ಬೇಡ. ದೀಪಾವಳಿಗೆ ಅವರು ಬಂದಾಗ ಶವರ್ ಇರ್ಬೇಕು, ಬಚ್ಚಲು ಲಕ್ಷಣವಾಗಿರ್ಬೇಕು. ನನ್ನ ಮಾನ ನಿಮ್ಮ ಕೈಲಿದೆ."

ನನ್ನ ಬಾಯಿಚಪಲಕ್ಕೆ ಮಗಳು ಗಂಡನ ಮನೆಯಲ್ಲಿ ತಲೆ ತಗ್ಗಿಸೋದೇ? ಮಾರನೇ ದಿನವೇ ಕೆಲಸ ಶುರು ಮಾಡಿಸಿದೆ.

ಮಾಳಿಗೆ ಮೇಲೆ ಒಂದು ಪೀಪಾಯಿ. ಅದರಿಂದ ಕೆಳಗೆ ಪೈಪು. ಪೈಪಿನ ತುದಿಗೆ ಬೆಂಗಳೂರಿನಿಂದ ತಂದ, ಸೂರ್ಯಕಾಂತಿ ಹೂವಿನಷ್ಟು ಅಗಲದ ಶವರು. ಎಳೆದರೆ ನೀರು ಬೀಳುವ ಹಾಗೆ ಸರಪಣಿ ಬೇರೆ! ಪೀಪಾಯಿಗೆ ಮಾತ್ರ ಬಾವಿಯಿಂದ ಸೇದಿ, ಏಣಿ ಹತ್ತಿ, ಕೊಡದಲ್ಲಿ ಸುರಿಯಬೇಕು. ನನ್ನ ಹೆಂಡತಿ ಕಮಲಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲವನ್ನೂ ನೋಡಿದಳು.

"ಏನ್ರೀ, ಬಾವಿಯಿಂದ ಸೇದಿ, ಮಾಳಿಗೆ ಮೇಲೆ ಹೊತ್ತು, ಅಲ್ಲಿ ಸುರಿದು, ಆಮೇಲೆ ಕೆಳಗಿಳಿದು ಬಂದು ಅದು ಬೀಳಲಿ ಅಂತ ಕಾಯ್ಬೇಕಾ? ಆ ಕೊಡಾನ ಅಲ್ಲೇ ತಲೆ ಮೇಲೆ ಸುರ್ಕೊಂಡ್ರೆ ಮೈ ಒದ್ದೆ ಆಗಲ್ವಾ?"

"ಲೇ, ನಿನಗೆ ನಾಗರಿಕತೆ ಅರ್ಥವಾಗೋದಿಲ್ಲ" ಅಂದೆ.

ಶವರು ಬಂದ ಮೇಲೆ ಹಳೇ ಕಲ್ಲುಚಪ್ಪಡಿ ಇರುತ್ತದೆಯೇ? ಬಿಳಿ ಬಿಲ್ಲೆ ಹಾಕಿಸಬೇಕು, ಟೈಲ್ಸು! ಬಚ್ಚಲಿನ ಅಗಲವನ್ನು ನಾನೇ ಅಳೆದೆ. ಕೈಗೆ ಸಿಕ್ಕಿದ್ದು ಅಂಗಡಿಯ ಹೊಸ ಕಡ್ಡಿ. ಸರಿಯಾಗಿ ಎರಡು ಕಡ್ಡಿ ಬಂತು. ಬೆಂಗಳೂರಿಗೆ ಹೇಳಿ ಕಳಿಸಿದೆ: ಅಗಲ ಎರಡು ಗಜ!

ಗಾರೆ ಕೆಲಸದ ಸಿದ್ದಪ್ಪ ಬಿಲ್ಲೆ ಕೂರಿಸುತ್ತಾ ಕೂರಿಸುತ್ತಾ ಶವರಿನ ಗೋಡೆಯ ಹತ್ತಿರ ಬಂದು ಎದ್ದು ನಿಂತ. "ಸ್ವಾಮೇರ, ಬಿಲ್ಲೆ ಮುಗುದೋಯ್ತು. ಗೋಡೆ ಪಕ್ಕ ಇಷ್ಟುದ್ದಕ್ಕೂ ಗೇಣು ಜಾಗ ಉಳ್ಕಂಡೈತೆ."

ಅಳತೆ ಮಾಡಿದವರು ಯಾರು ಅಂತ ಕಮಲ ಕೇಳಿದಳು. ಗೋಡೆ ಸರಿದಿರಬೇಕು ಅಂದೆ. ಅವಳು ಗೋಡೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಗೋಡೆಗೆ ಏನೂ ಅನ್ನಲಿಲ್ಲ.

ಇನ್ನೊಂದು ಸಾಲು ಬಿಲ್ಲೆ ಬೆಂಗಳೂರಿನಿಂದ ಹಬ್ಬದೊಳಗೆ ಬರುವಂತಿರಲಿಲ್ಲ. ಸಿದ್ದಪ್ಪ ಕರಣೆ ತೊಳೆದು ಮೂಲೆಗಿಟ್ಟು "ನಮ್ಮೂರು ಚೇಳೂರ್ಗೆ ಹೋಗಿ ಹಬ್ಬ ಮುಗುಸ್ಕಂಡು ಬತ್ತೀನಿ ಬುಡಿ" ಅಂತ ಹೊರಟೇಬಿಟ್ಟ. ಅವನನ್ನು ತಡೆಯಬೇಡ ಅಂತ ನಾನೇ ಕಮಲನಿಗೆ ಹೇಳಿದೆ. ಒಂದು ಗೇಣು ನೆಲ! ಹರಿದ ಬಟ್ಟೆಗೆ ತೇಪೆ ಹಾಕೋದು ನಮ್ಮ ಕುಲಕಸುಬು. ನೆಲಕ್ಕೆ ಹಾಕೋದು ಕಷ್ಟವೇ?

ಮೊದಲ ತೊಂದರೆ ಸಿಮೆಂಟಿನದು. ಆಗ ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿತ್ತು. ಪಕ್ಕದ ಮನೆಯ ನಂಜುಂಡಯ್ಯನವರ ಹತ್ತಿರ ಅರ್ಧ ಮೂಟೆ ಇತ್ತು. ಮಂಚದ ಕೆಳಗೆ, ಬಂಗಾರ ಇಟ್ಟ ಹಾಗೆ, ಹೊದಿಕೆ ಹೊದಿಸಿ ಇಟ್ಟುಕೊಂಡಿದ್ದರು. ಇವರು ರಿಟೈರಾದ ರೈಲ್ವೆ ಗಾರ್ಡು. ಕೆಲಸ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ, ಅದು ಕೊರಳಲ್ಲೇ ನೇತಾಡುತ್ತಿತ್ತು.

"ಸಿಮೆಂಟು ಕೊಡ್ತೀನಿ ಶ್ರೀಕಂಠಯ್ಯನೋರೇ. ಆದ್ರೆ ಕೆಲಸ ನನ್ನ ಸೂಪರ್ವಿಜನ್ನಲ್ಲಿ ನಡೀಬೇಕು. ಸಿಗ್ನಲ್ ಕೊಡದೆ ಒಂದು ಮುಷ್ಟಿನೂ ಹಾಕಂಗಿಲ್ಲ" ಅಂದರು.

ಒಪ್ಪಿಕೊಂಡೆ. ಮರಳು, ಸಿಮೆಂಟು ಬಾಂಡ್ಲಿಗೆ ಬಿತ್ತು. ನೀರು ಹಾಕಬೇಕು, ಆಗ ನನಗೆ ನಮ್ಮ ಅಜ್ಜ ನೆನಪಾದರು. ಕುಣಿಗಲ್ಲಿನಲ್ಲಿ ನಮ್ಮಜ್ಜ ಕಟ್ಟಿಸಿದ ಮನೆಯ ಗೋಡೆಗೆ ಮೊಳೆ ಹೊಡೆದರೆ ಮೊಳೆಯೇ ಬಗ್ಗುತ್ತಿತ್ತು. ಯಾಕೆ? ಸುಣ್ಣದ ಗಾರೆಗೆ ಬೆಲ್ಲದ ನೀರು ಬಿಟ್ಟು ಅರೆಸಿದ್ದರಂತೆ. ಇದನ್ನು ನಾನು ಸಣ್ಣವನಿದ್ದಾಗಿನಿಂದ ಕೇಳಿದ್ದೆ. ಬರೀ ಸುಣ್ಣಕ್ಕೇ ಬೆಲ್ಲ ಅಷ್ಟು ಬಲ ಕೊಟ್ಟರೆ, ಸಿಮೆಂಟಿಗೆ ಎಷ್ಟು ಕೊಡಬೇಡ! ಅಳಿಯ ಬೇರೆ ಓವರ್ಸಿಯರ್. ಕಾಲಿನಿಂದ ಕುಟ್ಟಿ ನೋಡಿ "ಏನು ಮಾವ, ಕಬ್ಬಿಣದ ಹಾಗಿದೆ" ಅನ್ನಬೇಕು.

ಅಡುಗೆಮನೆಗೆ ಹೋದೆ. ಹಬ್ಬದ ಕಜ್ಜಾಯಕ್ಕೆ ಅಂತ ಕಮಲ ತರಿಸಿಟ್ಟಿದ್ದ ಬೆಲ್ಲದ ಅಚ್ಚುಗಳಿದ್ದವು. ಸದ್ದಿಲ್ಲದೆ ಎತ್ತಿಕೊಂಡು ಬಂದು ಕುಟ್ಟಿ ಕರಗಿಸಿ ಸುರಿದೆ. ನಂಜುಂಡಯ್ಯನವರು ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು, "ಪಾಕ ಸರಿಯಾಗಿದೆ" ಅಂತ ಸೀಟಿ ಊದಿದರು. ಸಿಗ್ನಲ್ ಸಿಕ್ಕಿತು! ಗೇಣು ಜಾಗದ ತುಂಬ ಮೆತ್ತಿ, ಕೈಯಿಂದ ಸವರಿ, ಹಿಂದೆ ಸರಿದು ನೋಡಿದೆ. ನುಣ್ಣಗೆ, ಹೊಳೆಯುತ್ತಾ, ಮೈಸೂರ್ ಪಾಕ್ ತಟ್ಟೆಗೆ ಹೊಯ್ದ ಹಾಗಿತ್ತು. ನನ್ನ ಮೇಲೆ ನನಗೇ ಗೌರವ ಬಂತು.

ಮಾರನೇ ದಿನ ಬೆರಳಿಟ್ಟೆ. ಬೆರಳು ಒಳಗೆ ಹೋಯಿತು. ಅದರ ಮಾರನೇ ದಿನವೂ ಹೋಯಿತು. ಸಿಮೆಂಟು ಗಟ್ಟಿಯಾಗಲೇ ಇಲ್ಲ. ಆದರೆ ಆ ದಿನ ಅದರ ಬಣ್ಣ ಬದಲಾಗಿತ್ತು, ಕಪ್ಪಾಗಿತ್ತು. ಬಗ್ಗಿ ನೋಡಿದೆ. ಕಪ್ಪು ಅಲ್ಲಾಡುತ್ತಿತ್ತು!

ಇರುವೆಗಳು! ಸಣ್ಣಿರುವೆ, ಕಟ್ಟಿರುವೆ, ಗೊದ್ದ, ಚಿಕ್ಕಪೇಟೆಯ ಇರುವೆಗಳೆಲ್ಲ ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿದ್ದವು. ಮೋರಿ ಕಡೆಯಿಂದ ಒಂದು ಸಾಲು, ಕಿಟಕಿಯಿಂದ ಇನ್ನೊಂದು ಸಾಲು. ನಂಜುಂಡಯ್ಯನವರು ಗೋಡೆಯಾಚೆಯಿಂದ ಇಣುಕಿ "ಅರಸೀಕೆರೆ ಜಂಕ್ಷನ್ ಕಣ್ರೀ ಇದು!" ಅಂದರು.

ಕಮಲ ಬಂದಳು. ಇರುವೆ ನೋಡಿದಳು. ಅಡುಗೆಮನೆಗೆ ಹೋದಳು. ಖಾಲಿ ಬೆಲ್ಲದ ಡಬ್ಬ ಹಿಡಿದುಕೊಂಡು ವಾಪಸ್ಸು ಬಂದಳು. "ಸುಮ್ನಿರಲಾರದೆ ಮೈಮೇಲೆ ಇರುವೆ ಬಿಟ್ಕೊಂಡ್ರು ಅಂತ ಗಾದೆ ಕೇಳಿದ್ದೆ. ಬೆಲ್ಲ ಕೊಟ್ಟು ಕರೆಸ್ಕೊಂಡೋರನ್ನ ಇವತ್ತೇ ನೋಡಿದ್ದು!"

ಗಾರೆ ಒಣಗಿದರೆ ಇರುವೆ ತಾವಾಗಿ ಹೋಗುತ್ತವೆ ಅಂತ ನಾನು ತೀರ್ಮಾನಿಸಿದೆ. ಒಣಗೋದಕ್ಕೆ ಏನು ಬೇಕು? ಶಾಖ ಬೇಕು. ಅಗ್ಗಿಷ್ಟಿಕೆ ತುಂಬ ಕೆಂಡ ಹಾಕಿ ತಂದು ಅದರ ಪಕ್ಕ, ಬಿಳಿ ಬಿಲ್ಲೆಯ ಮೇಲೆ ಇಟ್ಟೆ. ಬೆಲ್ಲ ಕಾದು ಘಮ್ ಅಂತ ವಾಸನೆ ಬಂತು. ಬೀದಿಯಲ್ಲಿ ಹೋಗುವವರು "ಶ್ರೀಕಂಠಯ್ಯನೋರ ಮನೇಲಿ ಆಗ್ಲೇ ಹಬ್ಬದ ಅಡುಗೆ" ಅಂದುಕೊಂಡು ಹೋದರು. ಅಷ್ಟರಲ್ಲಿ ನಂಜುಂಡಯ್ಯನವರು ಓಡಿ ಬಂದರು.

"ಅಯ್ಯೋ, ಸಿಮೆಂಟಿಗೆ ಬೆಂಕಿ ಇಡ್ತಾರೇನ್ರೀ? ನೀರು ಕುಡಿಸ್ಬೇಕು, ನೀರು! ಸೇತುವೆ ಕಟ್ಟೋರು ಗೋಣಿಚೀಲ ನೆನೆಸಿ ಹೊದಿಸೋದು ನೋಡಿಲ್ವಾ?"

ಅವರು ಹೇಳಿದ್ದೂ ಸರಿ ಅನ್ನಿಸಿತು. ಅಗ್ಗಿಷ್ಟಿಕೆ ಎತ್ತಿ ಪಕ್ಕಕ್ಕಿಟ್ಟು, ಬಾವಿಯ ತಣ್ಣೀರು ಒಂದು ಕೊಡ ಸುರಿದೆ.

ಚಟಾರ್!

ಕಾದಿದ್ದ ಬಿಲ್ಲೆ ಬಿರಿಯಿತು. ಅದರ ಪಕ್ಕದ್ದೂ ಬಿರಿಯಿತು. ಬಿರುಕು ಹಾಗೇ ಹಾವಿನ ಹಾಗೆ ಹರಿದು ಮುಂದಿನ ಸಾಲಿಗೂ ಹೋಯಿತು. ನಂಜುಂಡಯ್ಯನವರು ಸೀಟಿಯನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡು, ಮನೆಯಲ್ಲಿ ಹಾಲು ಉಕ್ಕುತ್ತೆ ಅಂತ ಹೇಳಿ ಹೊರಟುಹೋದರು. ಒಡೆದ ಬಿಲ್ಲೆ ಕಿತ್ತೆ. ಇರುವೆ ಸಮೇತ ಬೆಲ್ಲದ ಗಾರೆ ಕೆರೆದೆ. ಕೆರೆಯುವಾಗ ಗುದ್ದಲಿ ತಾಗಿ ಚೆನ್ನಾಗಿದ್ದ ಬಿಲ್ಲೆಯೂ ಎದ್ದು ಬಂತು. ಗೇಣು ಇದ್ದ ಜಾಗ ಈಗ ಒಂದು ಮೊಳವಾಗಿತ್ತು. ಒಬ್ಬ ಮನುಷ್ಯ ಆರಾಮವಾಗಿ ಕೂರುವಷ್ಟು!

ಆ ದಿನ ನೀರು ತುಂಬುವ ಹಬ್ಬ. ಮಧ್ಯಾಹ್ನದ ಬಸ್ಸಿಗೆ ಮಗಳು, ಅಳಿಯ ಬರುವವರು! ಬೆಳಗಾದರೆ ಎಣ್ಣೆ ಸ್ನಾನ. ಹೊಸ ಅಳಿಯ ಮೊದಲ ದೀಪಾವಳಿಗೆ ಮಾವನ ಮನೆಗೆ ಬರೋದೇ ಸ್ನಾನಕ್ಕೆ. ಆ ದಿನ ಬಚ್ಚಲುಮನೆಗೆ ದೇವರಮನೆಗಿಂತ ಹೆಚ್ಚು ಮರ್ಯಾದೆ. ಬೇರೆ ಯಾವ ದಿನವಾದರೂ ಬಚ್ಚಲನ್ನು ಮರೆಮಾಚಬಹುದಿತ್ತು. ಆ ಒಂದು ದಿನ ಮಾತ್ರ ಸಾಧ್ಯವಿಲ್ಲ.

ನಂಜುಂಡಯ್ಯನವರ ಮಂಚದ ಕೆಳಗಿನ ಉಳಿದ ಸಿಮೆಂಟನ್ನು ಬೇಡಿ ತಂದು ಅವಸರವಸರವಾಗಿ ಕಲಸಿದೆ. ಈ ಸಲ ಬೆಲ್ಲ ಹಾಕಲಿಲ್ಲ. ಹಾಕಲಿಲ್ಲ ಅಂದರೆ, ಅಜ್ಜನ ಮಾತು ಪೂರ್ತಿ ಬಿಡೋದು ಹೇಗೆ ಅಂತ, ಕಮಲ ಹೊಸದಾಗಿ ತರಿಸಿದ್ದ ಬೆಲ್ಲದಲ್ಲಿ ಒಂದು ಸಣ್ಣ ಉಂಡೆ, ಅಷ್ಟೇ. ಮೆತ್ತಿ ಮುಗಿಸೋ ಹೊತ್ತಿಗೆ ಬಾಗಿಲಲ್ಲಿ ಪದ್ಮನ ದನಿ ಕೇಳಿತು. ಒದ್ದೆ ಗಾರೆಯ ಮೇಲೆ, ಆಚೆ ಈಚೆ ನಾಲ್ಕು ಇಟ್ಟಿಗೆ ಇಟ್ಟು, ಊಟಕ್ಕೆ ಕೂರುವ ದೊಡ್ಡ ಮಣೆಯನ್ನು ಅಡ್ಡ ಹಾಕಿ ಮುಚ್ಚಿದೆ. ಕಮಲನಿಗೆ ಮಾತ್ರ ಗುಟ್ಟು ಹೇಳಿದೆ. ಅವಳು ಹಂಡೆಗೆ ಸುಣ್ಣ, ಕೆಮ್ಮಣ್ಣು ಬಳಿದು, ಹಾಗಲಬಳ್ಳಿ ಸುತ್ತಿ, ಆ ಮಣೆಯ ಸುತ್ತಲೂ ರಂಗೋಲಿ ಎಳೆದುಬಿಟ್ಟಳು. ನೋಡಿದವರಿಗೆ ಅದೂ ಹಬ್ಬದ ಅಲಂಕಾರವೇ! ಇಂಥ ಹೆಂಡತಿಯನ್ನು ಪಡೆಯೋಕೆ ಪುಣ್ಯ ಮಾಡಿರಬೇಕು ಅಂತ ಆ ಕ್ಷಣ ಅನ್ನಿಸಿತು. ಅವಳಿಗೆ ಹೇಳಲಿಲ್ಲ, ಹೇಳಿದರೆ ತಲೆ ಮೇಲೆ ಕೂರ್ತಾಳೆ ಅಂತ.

ಪದ್ಮ ಇಣುಕಿ ಶವರ್ ನೋಡಿದಳು, ಬಿಳಿ ಬಿಲ್ಲೆ ನೋಡಿದಳು. ಮುಖ ಅರಳಿತು. "ಅಪ್ಪಾ!" ಅಂತ ನನ್ನ ತೋಳು ಹಿಡಿದುಕೊಂಡಳು. ಅದನ್ನು ನೋಡಿ ನಾನು ಪಟ್ಟ ಪಾಡೆಲ್ಲ ಮರೆತುಹೋಯಿತು.

ಬೆಳಗಿನ ಜಾವ. ಹಂಡೆ ಒಲೆಯಲ್ಲಿ ತೆಂಗಿನಮಟ್ಟೆ ಧಗಧಗ ಉರಿಯುತ್ತಿತ್ತು. ಬಚ್ಚಲ ತುಂಬ ಹೊಗೆ, ಒಂದು ಸಣ್ಣ ಬಲ್ಬು. ನಡುಮನೆಯಲ್ಲಿ ಅಳಿಯನಿಗೆ ಎಣ್ಣೆಶಾಸ್ತ್ರ. ಕಮಲ ಹಾಡು ಹೇಳುತ್ತಾ ತಲೆಗೆ ಎಣ್ಣೆ ಒತ್ತಿದಳು. ಪದ್ಮ ಕೈಕಾಲಿಗೆ ಹಚ್ಚಿದಳು. ಹುಡುಗ ಹೊಸದಾಗಿ ಎರಕ ಹೊಯ್ದ ವಿಗ್ರಹದ ಹಾಗೆ ಮಿರಮಿರ ಮಿಂಚುತ್ತಾ, ಲಕ್ಷಣವಾಗಿ ದೊಡ್ಡ ಮಣೆಯ ಮೇಲೆ ಕೂತಿದ್ದ.

ಮಣೆಯ ಮೇಲೆ ಅಂದೆನಲ್ಲ? ಯಾವ ಮಣೆ ಅಂತ ಯೋಚಿಸಬೇಕಾದ ನಾನು ಯೋಚಿಸಲಿಲ್ಲ, ಹಾಡಿನ ಗುಂಗಿನಲ್ಲಿದ್ದ ಕಮಲನೂ ಯೋಚಿಸಲಿಲ್ಲ. ಹೊಸ ಅಳಿಯನನ್ನು ಬರೀ ನೆಲದ ಮೇಲೆ ಕೂರಿಸಿ ಎಣ್ಣೆ ಇಡೋದುಂಟೇ? ಪದ್ಮ ಮಣೆ ಹುಡುಕಿದ್ದಾಳೆ. ದೊಡ್ಡದು ಎಲ್ಲೂ ಸಿಕ್ಕಿಲ್ಲ. ಬಚ್ಚಲಲ್ಲಿ ನೋಡಿದ್ದಾಳೆ. ಇಟ್ಟಿಗೆಗಳನ್ನು ಮೂಲೆಗೆ ಸರಿಸಿ ಮಣೆ ಎತ್ತಿಕೊಂಡು ಬಂದಿದ್ದಾಳೆ. ಕತ್ತಲಲ್ಲಿ ಕೆಳಗಿನ ಗಾರೆ ನೆಲದ ಹಾಗೇ ಕಂಡಿದೆ. ಅವಳದೇನು ತಪ್ಪು!

ನಾನು ಹೊಸ ಪಂಚೆ ಉಟ್ಟು ಬಚ್ಚಲ ಬಾಗಿಲಲ್ಲಿ ಅರಮನೆಯ ದ್ವಾರಪಾಲಕನ ಹಾಗೆ ನಿಂತಿದ್ದೆ. "ಬನ್ನಿ ಅಳಿಯಂದಿರೇ, ದಯಮಾಡಿಸಿ. ಹಂಡೆ ಕಡೆ ಬೇಡ. ಈ ಕಡೆ, ಶವರ್ ಕೆಳಗೆ. ಇನ್ನೂ ಸ್ವಲ್ಪ ಗೋಡೆ ಕಡೆಗೆ. ಇನ್ನೂ ಸ್ವಲ್ಪ..."

ಅಳಿಯ ವಿಧೇಯ ಹುಡುಗ. ಇನ್ನೂ ಸ್ವಲ್ಪ ಸರಿದ.

ಪಚಕ್!

ಬಲಗಾಲು ಹಿಮ್ಮಡಿ ಮುಳುಗುವಷ್ಟು ಇಳಿಯಿತು. ಬೆಲ್ಲದ ಪ್ರಭಾವ, ಗಾರೆ ರಾತ್ರಿಯೆಲ್ಲ ಕಳೆದರೂ ಹಸಿಯಾಗೇ ಇತ್ತು! "ಮಾವಾ..." ಅಂದ, ಅಷ್ಟೇ. ನಾನು ಹಾರಿ ಹೋಗಿ ಎರಡೂ ಕೈಯಿಂದ ಅವನ ತೋಳು ಹಿಡಿದು ಎಳೆದೆ. ಮೈತುಂಬ ಎಣ್ಣೆ! ನನ್ನ ಕೈ ಅವನ ಭುಜದಿಂದ ಮೊಣಕೈಗೆ, ಮೊಣಕೈಯಿಂದ ಬೆರಳಿಗೆ, ಬೆರಳಿನಿಂದ ಗಾಳಿಗೆ ಜಾರಿತು. ಬೀಳುವಾಗ ಏನಾದರೂ ಹಿಡಿದುಕೊಳ್ಳಬೇಕಲ್ಲ, ಶವರಿನ ಸರಪಣಿ ಹಿಡಿದುಕೊಂಡೆ. ಹಿಡಿದುಕೊಂಡೇ ಕೂತೆ. ಗಾರೆಯಲ್ಲಿ! ಅಳಿಯನ ಪಾದದ ಪಕ್ಕದಲ್ಲೇ, ದಬ್ಬ್ ಅಂತ!

ಶವರು ಕೆಲಸ ಮಾಡಿತು. ಅದೊಂದನ್ನು ಮೆಚ್ಚಬೇಕು. ಸೂರ್ಯಕಾಂತಿ ಹೂವಿನಿಂದ ಜೋರಾಗಿ ನೀರು ಸುರಿಯಿತು, ನೆಟ್ಟಗೆ ನನ್ನ ತಲೆಯ ಮೇಲೆ. ಆ ಪೀಪಾಯಿಗೆ ಹಂಡೆಯ ಬಿಸಿನೀರು ಹೊತ್ತು ಹಾಕಬೇಕು ಅಂದುಕೊಂಡವನು ಅಲಂಕಾರದ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆ. ಕಾರ್ತಿಕದ ಹೊಸ್ತಿಲಿನ ಚಳಿ, ರಾತ್ರಿಯೆಲ್ಲ ಮಾಳಿಗೆ ಮೇಲೆ ತಣಿದ ನೀರು. ನಾನು ಹಾಕಿದ ಕೂಗಿಗೆ ಬೀದಿಯಲ್ಲಿ ಪಟಾಕಿ ಹಚ್ಚುತ್ತಿದ್ದವರು ಒಂದು ಗಳಿಗೆ ನಿಲ್ಲಿಸಿದರಂತೆ.

ಹೆಂಗಸರು ಓಡಿ ಬಂದರು. ಅಳಿಯ ಒಂದು ಕಾಲಲ್ಲಿ, ನಾನು ಪೂರ್ತಿ. ಪದ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅಳಿಯ ಓವರ್ಸಿಯರ್ ಅಲ್ಲವೇ, ಬಗ್ಗಿ ಗಾರೆಯನ್ನು ಒಂದು ಚಿಟಿಕೆ ತೆಗೆದು ಉಜ್ಜಿ ನೋಡಿದ. "ಮಾವ, ಅಲ್ಲಾಡಬೇಡಿ. ಅಲ್ಲಾಡಿದ್ರೆ ಇನ್ನೂ ಇಳೀತೀರ" ಅಂದ. ಅಷ್ಟು ಹೇಳುವಷ್ಟರಲ್ಲಿ ಅವನ ಹೊಟ್ಟೆ ಕುಣಿಯೋಕೆ ಶುರುವಾಗಿತ್ತು. ಆ ಮಾತು ಕಮ್ಮಿಯ ಹುಡುಗ ಗೋಡೆ ಹಿಡಿದುಕೊಂಡು ನಕ್ಕ ನಗು ಇದೆಯಲ್ಲ, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಪದ್ಮಳೂ ನಕ್ಕಳು. ನಾನೂ ನಗಬೇಕಾಯಿತು, ಹಲ್ಲು ಕಟಕಟ ಅನ್ನುತ್ತಿದ್ದುದರಿಂದ ಹೇಗೂ ಬಾಯಿ ತೆರೆದೇ ಇತ್ತು.

ಅಳಿಯನಿಗೆ ಕೊನೆಗೆ ಹಂಡೆ ನೀರಿನಲ್ಲಿ, ತಂಬಿಗೆಯಲ್ಲೇ ಸ್ನಾನವಾಯಿತು. ಗಾರೆಯನ್ನು ಸಮ ಮಾಡೋಣ ಅಂತ ನಾನು ಕರಣೆ ಕೈಗೆತ್ತಿಕೊಂಡೆ. ಕಮಲ ಅದನ್ನು ಕಿತ್ತುಕೊಂಡು ಅಟ್ಟದ ಮೇಲೆ ಎಸೆದಳು. "ಇನ್ನು ನೀವು ಅದನ್ನ ಮುಟ್ಟಿದ್ರೆ ನನ್ನಾಣೆ!" ಹೀಗಾಗಿ ಅದು ಇದ್ದ ಹಾಗೇ ಇತ್ತು. ಇದ್ದ ಹಾಗೇ ಕಲ್ಲಾಯಿತು. ಅಜ್ಜನ ಬೆಲ್ಲ ಚಿಟಿಕೆಯಷ್ಟಿದ್ದರೆ ಎಂಥ ಬಲ ಕೊಡುತ್ತೆ ಅಂತೀರಿ! ಎಡಕ್ಕೆ, ಐದು ಬೆರಳೂ ಎದ್ದು ಕಾಣುವ ಹಾಗೆ ಅಳಿಯನ ಬಲಪಾದ. ಬಲಕ್ಕೆ, ನನ್ನದು. ಅದರ ವರ್ಣನೆ ಬೇಡ.

ಬಲಿಪಾಡ್ಯಮಿಯ ದಿನ ಬೀಗರು ಬಂದರು, ಮಗ ಸೊಸೆಯನ್ನು ಕರೆದುಕೊಂಡು ಹೋಗೋಕೆ. ಕಾಫಿ ಲೋಟ ಕೆಳಗಿಟ್ಟವರೇ ಕೇಳಿದರು, "ಎಲ್ಲಿ ಬೀಗರೇ, ನಿಮ್ಮ ಶವರು?"

ಬಚ್ಚಲು ಕೆಟ್ಟಿದೆ ಅನ್ನೋಣ ಅಂದುಕೊಂಡೆ. ಅಷ್ಟರಲ್ಲಿ ಅವರು ಎದ್ದು ಹೊರಟಾಗಿತ್ತು. ಎಲ್ಲರೂ ಹಿಂದೆ ಓಡಿದೆವು. ಬೀಗರು ಶವರ್ ನೋಡಲಿಲ್ಲ, ನೆಲ ನೋಡಿದರು. ತುಂಬ ಹೊತ್ತು ನೋಡಿದರು. ನಾನು ಪದ್ಮನ ಮುಖ ನೋಡಿದೆ. ಮಳೆ ಬಂದಾಗಲೆಲ್ಲ ನಗುವವರು ಇನ್ನು ಬಿಸಿಲಲ್ಲೂ ನಗುತ್ತಾರಲ್ಲ, ವರ್ಷಾನುಗಟ್ಟಲೆ ಈ ಹುಡುಗಿ ಇದನ್ನು ಕೇಳಬೇಕಲ್ಲ ಅಂದುಕೊಂಡೆ.

"ಇದೇನಮ್ಮ ಹೆಜ್ಜೆ?" ಅಂತ ಬೀಗರು ಪದ್ಮನನ್ನೇ ಕೇಳಿದರು.

ಪದ್ಮ ಸೆರಗು ಸರಿಮಾಡಿಕೊಂಡಳು. "ಇದು ನಮ್ಮ ಕುಣಿಗಲ್ ಕಡೆ ಪದ್ಧತಿ ಮಾವ. ಮೊದಲ ದೀಪಾವಳೀಲಿ ಅಳಿಯ ಎಣ್ಣೆ ಸ್ನಾನಕ್ಕೆ ಬಂದಾಗ ಹೆಜ್ಜೆ ಮೂಡಿಸ್ಕೋತಾರೆ. ಅಳಿಯನ ಕಾಲ್ಗುಣ ಮನೇಲಿ ನಿಲ್ಲಲಿ ಅಂತ."

ನಾನು ದಂಗಾದೆ! ನನ್ನ ಮಗಳೇ! ಬಟ್ಟೆ ವ್ಯಾಪಾರಕ್ಕೆ ನನಗಿಂತ ಇವಳೇ ಸರಿ. ಅಳಿಯ ಸರ್ರನೆ ಹಿತ್ತಲಿಗೆ ಹೋದ. ಅಲ್ಲಿಂದ ಕೆಮ್ಮು ಕೇಳಿಸಿತು.

ಬೀಗರು ತಲೆದೂಗಿದರು. ಆಮೇಲೆ ಬೆರಳು ಮಾಡಿ, "ಸರಿ. ಈ ಹಳ್ಳ?" ಅಂದರು.

ಪದ್ಮ ನನ್ನ ಕಡೆ ನೋಡಿದಳು. ನಾನು ಕಮಲನ ಕಡೆ ನೋಡಿದೆ. ಮಾತಾಡಿದವಳು ಕಮಲ, ತಲೆಯ ಮೇಲೆ ಸೆರಗು ಹೊದ್ದುಕೊಂಡು, ಹರಿಕಥೆ ದಾಸರ ಗಾಂಭೀರ್ಯದಲ್ಲಿ:

"ಅದು ಮಾವನ ಆಸನ, ಅಣ್ಣಾವ್ರೇ. ಮಗಳನ್ನ ಕೊಟ್ಟೋನು ಅಳಿಯನ ಪಾದದ ಪಕ್ಕ ತಗ್ಗಿ ಕೂರ್ಬೇಕು. ಇನ್ಮೇಲೆ ಈ ಮನೇಲಿ ನಿನ್ನ ಮಾತೇ ದೊಡ್ಡದು ಕಣಪ್ಪಾ ಅಂತ ಒಪ್ಪಿಸೋ ಶಾಸ್ತ್ರ."

ಬೀಗರು ಹೆಗಲ ಮೇಲಿನ ವಲ್ಲಿ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು. "ಹೆಣ್ಣು ಹೆತ್ತೋನು ಇಷ್ಟು ತಗ್ಗಿ ಕೂತಿದ್ದು ನಾನು ಎಲ್ಲೂ ಕಂಡಿಲ್ಲ ಬೀಗರೇ. ನಾನು ಆವತ್ತು ಪಂಕ್ತೀಲಿ ಹಂಗೆ ಅನ್ನಬಾರದಿತ್ತು." ನನಗೂ ಕಣ್ಣು ತುಂಬಿತು. ನಿಜವಾಗಿ ತುಂಬಿತು, ಯಾವ್ಯಾವ ಕಾರಣಕ್ಕೋ. ಅವತ್ತಿನಿಂದ ಗುಬ್ಬಿಯಲ್ಲಿ ಮಳೆ ಬಂದರೆ ಬರೀ ಮಳೆ ಬರುತ್ತಿತ್ತು. ಪದ್ಮನನ್ನು ಯಾರೂ ಆಡಿಕೊಳ್ಳಲಿಲ್ಲ.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಮುಂದಿನ ವರ್ಷ ಬೀಗರ ಮಗಳಿಗೂ ಮದುವೆಯಾಯಿತು. ಅವರ ಮನೆಗೂ ಹೊಸ ಅಳಿಯ, ಮೊದಲ ದೀಪಾವಳಿ. ಬೀಗರು ತಾವೇ ತುಮಕೂರಿಗೆ ಬಂದು ತೆಂಗಿನಕಾಯಿ ಕೊಟ್ಟು ಕರೆದರು. "ಕುಣಿಗಲ್ ಶಾಸ್ತ್ರ ನಮ್ಮನೇಲೂ ಮಾಡ್ತಿದೀವಿ. ತಾವು ಬಂದು ಮುಂದೆ ನಿಂತು ನಡೆಸಿಕೊಡ್ಬೇಕು."

ಹೋದೆವು. ಬೆಳಗಿನ ಜಾವವೇ ವಾಲಗ! ಬಚ್ಚಲ ಬಾಗಿಲಿಗೆ ಮಾವಿನ ತೋರಣ! ನೆಲದಲ್ಲಿ ಅಚ್ಚುಕಟ್ಟಾಗಿ ಚೌಕ ಬಿಡಿಸಿ, ನುಣ್ಣಗೆ ತೀಡಿದ ಹಸೀ ಗಾರೆ. ಊರ ಹಿರಿಯರೆಲ್ಲ ಒಲೆಯ ಪಕ್ಕ ಒತ್ತೊತ್ತಾಗಿ ನಿಂತಿದ್ದರು. ಹೊಸ ಅಳಿಯ ಬೆಪ್ಪಾಗಿ ಪಾದ ಇಟ್ಟ. ಆಮೇಲೆ ತಿಮ್ಮಪ್ಪಯ್ಯನವರು, ಜರಿಯಂಚಿನ ಪಂಚೆ, ಹಣೆಗೆ ಕುಂಕುಮ, ನನ್ನ ಕಡೆ ತಿರುಗಿ "ಅಪ್ಪಣೆಯೇ ಬೀಗರೇ?" ಅಂತ ಕೇಳಿದರು. ಪಕ್ಕದಲ್ಲಿದ್ದ ಪದ್ಮ ನನ್ನ ಕೈ ಗಟ್ಟಿಯಾಗಿ ಹಿಂಡಿದಳು. ನಕ್ಕರೆ ಅವಳ ಸಂಸಾರ ಹೋಯಿತು! ನಾಲಿಗೆ ಕಚ್ಚಿಕೊಂಡು, ಆಶೀರ್ವಾದದ ಭಂಗಿಯಲ್ಲಿ ಕೈ ಎತ್ತಿದೆ. ವಾಲಗ ಜೋರಾಯಿತು. ಬೀಗರು ನಿಧಾನವಾಗಿ, ಭಕ್ತಿಯಿಂದ, ಕಣ್ಣು ಮುಚ್ಚಿಕೊಂಡು ಗಾರೆಯಲ್ಲಿ ಕೂತರು. ಹೆಂಗಸರು ಆರತಿ ಎತ್ತಿದರು. ಅಳಿಯ ರಂಗನಾಥನನ್ನು ಹುಡುಕಿದೆ. ಅವನು ಆಗಲೇ ಹಿತ್ತಲಲ್ಲಿ ಕೆಮ್ಮುತ್ತಿದ್ದ.

ನಾಲ್ಕು ಜನ ಹಿಡಿದು ಎಬ್ಬಿಸಿದ ಮೇಲೆ ಎಲ್ಲರೂ ಬಗ್ಗಿ ನೋಡಿದರು. ನಾನೂ ನೋಡಿದೆ. ಕಮಲ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಹೆಮ್ಮೆಯೋ ಹೆಮ್ಮೆ. ಒಂದು ಸಂಪ್ರದಾಯಕ್ಕೇ ಮೂಲಪುರುಷ ನಾನು! ನಾಳೆ ಗುಬ್ಬಿ ತಾಲ್ಲೂಕಿನ ಮಾವಂದಿರೆಲ್ಲ ಹೀಗೇ ಕೂರ್ತಾರೆ. ಕಮಲ ಕಿಟಕಿಯ ಆಚೆ ನೋಡುತ್ತಿದ್ದಳು.

"ಏನೇ ಯೋಚನೆ?" ಅಂದೆ.

"ಏನಿಲ್ಲ. ಅವರದು ಎಷ್ಟು ದುಂಡಗೆ, ಎರಡೂ ಕಡೆ ಸಮನಾಗಿ, ಲಕ್ಷಣವಾಗಿ ಮೂಡಿತ್ತು ಅಲ್ವಾ?" ಅಂದಳು ಕಮಲ. "ನೀವು ಅದನ್ನೂ ನೆಟ್ಟಗೆ ಮಾಡ್ಲಿಲ್ಲ."